ಡೆಕಾಲ್ ಬೆಳ್ಳಗಾಗುವುದು ಅಂಟಿನ ದೋಷವಲ್ಲ

ಪ್ಲಾಸ್ಟಿಕ್ ಮಾದರಿ ವಿಮಾನಗಳನ್ನು ಜೋಡಿಸುವವರಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿದೆ. ರೆಕ್ಕೆಯ ಮೇಲೆ ಕೂರಿಸಿದ ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಮುದ್ರಿತ ಗುರುತು, ಒಣಗಿದ ನಂತರ ಅದರ ಪಾರದರ್ಶಕ ಅಂಚು ಬೆಳ್ಳಿಯಂತೆ ಮಿರುಗತೊಡಗಿದರೆ, ಅಂಟು ಹಳೆಯದಾಗಿದೆ ಎಂದು ತೀರ್ಮಾನಿಸಿ ಮುಂದಿನ ಸಲ ಅದರಡಿಗೆ ಒಂದಿಷ್ಟು ಬಿಳಿ ಗೋಂದು ಸವರುತ್ತಾರೆ. ಹಾಸನ, ಚಿಕ್ಕಮಗಳೂರು ಕಡೆಯ ಹವ್ಯಾಸಿಗಳು ಇದರ ಜೊತೆಗೆ ಮಳೆಗಾಲವನ್ನೂ ದೂರುತ್ತಾರೆ. ಮಳೆಗಾಲಕ್ಕೆ ಈ ವ್ಯವಹಾರದಲ್ಲಿ ಪಾತ್ರವಿರುವುದು ನಿಜ, ಆದರೆ ಅವರು ಭಾವಿಸಿದ ರೀತಿಯಲ್ಲಲ್ಲ. ಅಂಟಿಗಂತೂ ಬಹುಮಟ್ಟಿಗೆ ಪಾತ್ರವೇ ಇಲ್ಲ. ಹವ್ಯಾಸಿಗಳು ಸಿಲ್ವರಿಂಗ್ ಎಂದು ಕರೆಯುವ ಆ ಮಿರುಗು, ಡೆಕಾಲ್‌ನ ಅಡಿಯಲ್ಲಿ ಸಿಕ್ಕಿಕೊಂಡ ಗಾಳಿಯದು.

ನೀರಿನಲ್ಲಿ ನೆನೆಸಿ ಜಾರಿಸುವ ಡೆಕಾಲ್‌ನಲ್ಲಿ ಮೂರು ಪದರಗಳಿವೆ: ಕೆಳಗೆ ನೀರು ಹೀರುವ ಕಾಗದ, ಅದರ ಮೇಲೆ ನೀರಿನಲ್ಲಿ ಕರಗುವ ಅಂಟು, ಅದರ ಮೇಲೆ ಮುದ್ರಣವನ್ನು ಹೊತ್ತ ತೆಳುವಾದ ವಾರ್ನಿಶ್ ಪೊರೆ. ಅಂಟು ಸಾಮಾನ್ಯವಾಗಿ ಡೆಕ್ಸ್‌ಟ್ರಿನ್, ಅಂದರೆ ಬಿಸಿಗೆ ಅಥವಾ ಆಮ್ಲಕ್ಕೆ ಒಡ್ಡಿ ಅಣುಗಳನ್ನು ತುಂಡರಿಸಿದ ಪಿಷ್ಟ. 1821ರಲ್ಲಿ ಡಬ್ಲಿನ್‌ನ ಬಟ್ಟೆ ಗಿರಣಿಯೊಂದಕ್ಕೆ ಬೆಂಕಿ ಬಿದ್ದಾಗ, ಸುಟ್ಟು ಕಂದಾಗಿದ್ದ ಪಿಷ್ಟಕ್ಕೆ ಬೆಂಕಿ ಆರಿಸಿದ ನೀರು ಸೇರಿ ಜಿಗುಟಾದದ್ದನ್ನು ಕಂಡು ಈ ಗೋಂದು ಪತ್ತೆಯಾಯಿತು ಎಂಬ ಕಥೆ ಪ್ರಚಲಿತದಲ್ಲಿದೆ. 1840ರಲ್ಲಿ ಬಂದ ಮೊದಲ ಅಂಚೆಚೀಟಿಯ ಬೆನ್ನಿಗೂ ಆಲೂಗಡ್ಡೆಯ ಪಿಷ್ಟದಿಂದ ಮಾಡಿದ ಗೋಂದೇ ಇತ್ತು. ಡೆಕಾಲ್‌ನಲ್ಲಿ ಇದರ ಮುಖ್ಯ ಕೆಲಸ ಪೊರೆಯನ್ನು ಕಾಗದದ ಮೇಲೆ ಹಿಡಿದಿಡುವುದು ಮತ್ತು ನೀರು ತಾಗಿದೊಡನೆ ಬಿಟ್ಟುಕೊಡುವುದು. ಡೆಕಾಲನ್ನು ನೀರಿನಲ್ಲಿ ಮರೆತುಬಿಟ್ಟು ಅಂಟೆಲ್ಲ ತೊಳೆದುಹೋದರೂ, ನುಣುಪಾದ ಮೇಲ್ಮೈಯ ಮೇಲೆ ಪೊರೆ ಗಾಳಿಯಿಲ್ಲದೆ ಕೂತರೆ ಅದು ಮಿರುಗುವುದಿಲ್ಲ. ಅಂಟು ತಾಜಾ ಇದ್ದು ಮೇಲ್ಮೈ ಒರಟಾಗಿದ್ದರೆ ಮಿರುಗಿಯೇ ಮಿರುಗುತ್ತದೆ.

ಇದಕ್ಕೆ ಕಾರಣವನ್ನು ಎರಡು ಶತಮಾನಗಳ ಹಿಂದೆಯೇ ಲೆಕ್ಕ ಹಾಕಿಟ್ಟವನು ಫ್ರಾನ್ಸಿನ ಒಗಸ್ಟಿನ್ ಫ್ರೆನೆಲ್. ಮೂವತ್ತೊಂಬತ್ತನೆಯ ವಯಸ್ಸಿಗೇ ಕ್ಷಯರೋಗಕ್ಕೆ ಬಲಿಯಾದ ಈ ಎಂಜಿನಿಯರನನ್ನು ಜನ ನೆನೆಯುವುದು ದೀಪಸ್ತಂಭಗಳ ಮಸೂರಕ್ಕಾಗಿ. ಆದರೆ ಬೆಳಕು ಒಂದು ಪಾರದರ್ಶಕ ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಎಷ್ಟು ಪಾಲು ಹಿಂತಿರುಗುತ್ತದೆ ಎಂಬ ಅವನ ಸಮೀಕರಣಗಳು ನನಗೆ ಅದಕ್ಕಿಂತ ದೊಡ್ಡ ಸಾಧನೆಯಾಗಿ ಕಾಣುತ್ತವೆ. ಎರಡು ವಸ್ತುಗಳ ವಕ್ರೀಭವನ ಸೂಚ್ಯಂಕಗಳ (ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ವರ್ಗ ಮಾಡಿದರೆ, ನೇರವಾಗಿ ಬಿದ್ದ ಬೆಳಕಿನಲ್ಲಿ ಹಿಂತಿರುಗುವ ಪಾಲು ಸಿಗುತ್ತದೆ. ವಾರ್ನಿಶ್ ಪೊರೆಯ ಸೂಚ್ಯಂಕ ಸುಮಾರು 1.5, ಬಣ್ಣದ ಪದರದ್ದೂ ಹೆಚ್ಚುಕಡಿಮೆ ಅಷ್ಟೇ, ಗಾಳಿಯದು 1. ಪೊರೆ ಬಣ್ಣಕ್ಕೆ ನೇರವಾಗಿ ತಾಗಿಕೊಂಡಿದ್ದರೆ ವ್ಯತ್ಯಾಸ ಸೊನ್ನೆಗೆ ಹತ್ತಿರವಾಗಿರುವುದರಿಂದ, ಅಲ್ಲೊಂದು ಗಡಿಯಿದೆ ಎಂಬುದೇ ಬೆಳಕಿಗೆ ಗೊತ್ತಾಗುವುದಿಲ್ಲ. ನಡುವೆ ಗಾಳಿಯ ಪದರ ನುಸುಳಿದರೆ ಪೊರೆಯಿಂದ ಗಾಳಿಗೆ ದಾಟುವಲ್ಲಿ ಶೇಕಡಾ 4, ಗಾಳಿಯಿಂದ ಬಣ್ಣಕ್ಕೆ ದಾಟುವಲ್ಲಿ ಮತ್ತೆ ಶೇಕಡಾ 4, ಒಟ್ಟು ಸುಮಾರು ಶೇಕಡಾ 8ರಷ್ಟು ಬೆಳಕು ಹಿಂದಕ್ಕೆ ಬರುತ್ತದೆ. ಕಡುಹಸಿರು ಅಥವಾ ಕಡುಬೂದು ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹಿಂತಿರುಗಿಸುವುದೇ ತೀರ ಸ್ವಲ್ಪವಾದ್ದರಿಂದ, ಅದರ ಮೇಲೆ ಈ ಶೇಕಡಾ 8 ಎದ್ದು ಕಾಣುತ್ತದೆ. ಬಿಳಿ ಬಣ್ಣದ ವಿಮಾನದ ಮೇಲೆ ಇದೇ ದೋಷವನ್ನು ಕಣ್ಣು ಗುರುತಿಸುವುದಿಲ್ಲ.

ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣದ ಮೇಲ್ಮೈ ಸೂಕ್ಷ್ಮವಾಗಿ ಏರುತಗ್ಗಾಗಿರುತ್ತದೆ, ಮ್ಯಾಟ್ ಆಗಿ ಕಾಣಲು ಕಾರಣವೇ ಆ ಒರಟುತನ. ಡೆಕಾಲ್‌ನ ಪೊರೆ ಏರುಗಳ ತುದಿಯ ಮೇಲೆ ನಿಲ್ಲುತ್ತದೆ, ತಗ್ಗುಗಳಲ್ಲಿ ಮೊದಲು ನೀರಿರುತ್ತದೆ. ನೀರಿನ ಸೂಚ್ಯಂಕ 1.33, ಪೊರೆಗೂ ನೀರಿಗೂ ನಡುವಿನ ಪ್ರತಿಫಲನ ಶೇಕಡಾ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ರಾತ್ರಿ ಡೆಕಾಲ್ ಕೂರಿಸಿದಾಗ ಬಣ್ಣದಲ್ಲೇ ಮುದ್ರಿಸಿದಷ್ಟು ಚೆನ್ನಾಗಿ ಕಾಣುತ್ತದೆ. ಬೆಳಗಾಗುವಷ್ಟರಲ್ಲಿ ನೀರು ಆವಿಯಾಗಿ, ಅದು ಬಿಟ್ಟುಹೋದ ಜಾಗಕ್ಕೆ ಗಾಳಿ ಬಂದಿರುತ್ತದೆ. ಬಜ್ಜಿಯ ಎಣ್ಣೆ ಹೀರಿಕೊಂಡ ಕಾಗದ ಅರೆಪಾರದರ್ಶಕವಾಗುವುದು ಇದೇ ನಿಯಮದ ತಿರುವುಮುರುವು: ಅಲ್ಲಿ ನಾರುಗಳ ನಡುವಿನ ಗಾಳಿಯನ್ನು ಎಣ್ಣೆ ಹೊರದಬ್ಬುತ್ತದೆ, ಇಲ್ಲಿ ನೀರು ಹೊರಟು ಗಾಳಿಗೆ ಎಡೆಮಾಡಿಕೊಡುತ್ತದೆ. ಒಣಗಿದ ಮೇಲೆ ದೋಷ ಕಾಣಿಸಿಕೊಳ್ಳುವುದರಿಂದಲೇ ಒಣಗುವಾಗ ಅಂಟು ಬಿಟ್ಟಿತು ಎಂಬ ತಪ್ಪು ತರ್ಕ ಹುಟ್ಟಿಕೊಂಡಿರಬೇಕು.

ಹಾಗಾಗಿ ಡೆಕಾಲ್‌ಗಿಂತ ಮೊದಲು ಹೊಳಪಿನ ವಾರ್ನಿಶ್ ಹೊಡೆಯಬೇಕು ಎಂಬ ಹಳೆಯ ಸಲಹೆಗೆ ಗಟ್ಟಿಯಾದ ಆಧಾರವಿದೆ. ವಾರ್ನಿಶ್ ತಗ್ಗುಗಳನ್ನು ತುಂಬಿ, ಗಾಳಿ ಕೂರುವ ಜಾಗವನ್ನೇ ಇಲ್ಲವಾಗಿಸುತ್ತದೆ. ಹೊಳಪು ಬೇಡವೆನ್ನುವವರು ಎಲ್ಲ ಮುಗಿದ ಮೇಲೆ ಮ್ಯಾಟ್ ವಾರ್ನಿಶ್ ಹೊಡೆದುಕೊಳ್ಳಬಹುದು. ಪದರಗಳನ್ನು ಆದಷ್ಟು ತೆಳುವಾಗಿಡುವುದು ಮಾತ್ರ ಅಗತ್ಯ, ಏಕೆಂದರೆ 1/72 ಅಳತೆಯ ಮಾದರಿಯ ಮೇಲೆ 20 ಮೈಕ್ರಾನ್ ದಪ್ಪದ ಪೊರೆಯೆಂದರೆ ನಿಜವಾದ ವಿಮಾನದ ಮೇಲೆ 1.4 ಮಿಲಿಮೀಟರ್ ದಪ್ಪದ ತಗಡು ಹೊದಿಸಿದ ಹಾಗೆ.

ಮೇಲ್ಮೈ ನುಣುಪಾಗಿದ್ದರೂ ರಿವೆಟ್‌ಗಳು ಮತ್ತು ತಗಡುಗಳ ನಡುವಿನ ಗೀರುಗಳು ಉಳಿಯುತ್ತವೆ. ಇಲ್ಲಿಗೆ ಎರಡು ಬಗೆಯ ದ್ರವಗಳು ಬರುತ್ತವೆ, ಇವೆರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಮೈಕ್ರೋ ಸೆಟ್‌ನಂಥದ್ದು ಅಸಿಟಿಕ್ ಆಮ್ಲವಿರುವ, ವಿನೆಗರ್ ವಾಸನೆಯ ದ್ರವ. ಅದು ಮೇಲ್ಮೈಯನ್ನು ಶುಚಿಗೊಳಿಸಿ, ನೀರು ಹನಿಗಟ್ಟದೆ ಹರಡುವಂತೆ ಮಾಡುತ್ತದೆ. ಮೈಕ್ರೋ ಸಾಲ್‌ನಂಥದ್ದು ಪೊರೆಯನ್ನೇ ಮೆದುವಾಗಿಸುವ ದ್ರಾವಕ. ಅದನ್ನು ಕುಂಚದ ತುದಿಯಿಂದ ಸವರಿ, ಓರೆಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡುವುದು ಈ ಹವ್ಯಾಸದ ಅತ್ಯಂತ ಸೊಗಸಾದ ನೋಟ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಡೆಕಾಲ್‌ನ ಅಂಚಿನಿಂದ ಒಳಗೆ ಸಣ್ಣ ಸುಕ್ಕುಗಳು ಏಳುತ್ತವೆ, ನೋಡನೋಡುತ್ತ ಇಡೀ ಗುರುತು ಒಣಮೆಣಸಿನಕಾಯಿಯ ಸಿಪ್ಪೆಯ ಹಾಗೆ ಮುದುಡುತ್ತದೆ. ದ್ರಾವಕದ ಅಣುಗಳು ಪೊರೆಯ ಉದ್ದನೆಯ ಅಣುಸರಪಳಿಗಳ ನಡುವೆ ತೂರಿಕೊಂಡು ಅವುಗಳನ್ನು ಸಡಿಲಿಸಿವೆ, ಪೊರೆ ಉಬ್ಬಿದೆ, ಹರಡಿಕೊಳ್ಳಲು ಜಾಗವಿಲ್ಲದೆ ಮಡಿಕೆಯಾಗಿದೆ ಎಂಬುದಷ್ಟೇ ಇದರರ್ಥ. ಗಾಬರಿಯಾಗಿ ಬೆರಳಿಟ್ಟರೆ ಮೆತ್ತಗಾದ ಪೊರೆ ಹರಿಯುತ್ತದೆ. ಮುಟ್ಟದೆ ಬಿಟ್ಟರೆ ದ್ರಾವಕ ಆವಿಯಾಗುತ್ತ ಹೋದಂತೆ ಪೊರೆ ಕುಗ್ಗುತ್ತದೆ, ಅಡಿಯಲ್ಲಿ ಉಳಿದ ದ್ರವದ ಕೇಶಾಕರ್ಷಣೆ ಅದನ್ನು ಕೆಳಕ್ಕೆ ಸೆಳೆಯುತ್ತದೆ, ಕೊನೆಗೆ ಒಂದೊಂದು ರಿವೆಟ್ಟೂ ಬಣ್ಣ ಬಳಿದಂತೆ ಮೂಡಿ ನಿಲ್ಲುತ್ತದೆ. ಇದರಲ್ಲಿ ಗುಟ್ಟಿನ ಮಿಶ್ರಣದ ಮಾತೇ ಇಲ್ಲ. ಅಡುಗೆಮನೆಯ ವಿನೆಗರ್ ಪೊರೆಯನ್ನು ಕರಗಿಸುತ್ತದೆ ಎಂದು ಹೇಳಿಕೊಡುವವರ ಮಾತನ್ನೂ ನಂಬಬೇಕಾಗಿಲ್ಲ. ಶೇಕಡಾ 4ರಿಂದ 5ರಷ್ಟು ಆಮ್ಲವಿರುವ ಆ ನೀರಿಗೆ ವಾರ್ನಿಶ್ ಪೊರೆಯನ್ನು ಗಮನಾರ್ಹವಾಗಿ ಮೆದುಗೊಳಿಸುವ ಶಕ್ತಿಯಿಲ್ಲ.

ಈಗ ಮಳೆಗಾಲದ ವಿಚಾರ. ಜುಲೈ ತಿಂಗಳಲ್ಲಿ ಸಕಲೇಶಪುರ, ಮೂಡಿಗೆರೆಗಳಲ್ಲಿ ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 90 ದಾಟುವುದು ಸಾಮಾನ್ಯ. ಉಷ್ಣತೆ 24 ಡಿಗ್ರಿ ಸೆಲ್ಸಿಯಸ್ ಇದ್ದು ತೇವಾಂಶ ಶೇಕಡಾ 90 ಇದ್ದರೆ, ಇಬ್ಬನಿಯ ಬಿಂದು ಸುಮಾರು 22 ಡಿಗ್ರಿ. ಅಂದರೆ ಯಾವುದೇ ಮೇಲ್ಮೈ ಬರೀ ಎರಡು ಡಿಗ್ರಿ ತಣ್ಣಗಾದರೂ ಅದರ ಮೇಲೆ ನೀರು ಕೂರುತ್ತದೆ. ಥಿನ್ನರ್ ಬೆರೆಸಿದ ವಾರ್ನಿಶ್ ಸಿಂಪಡಿಸಿದಾಗ ಥಿನ್ನರ್ ಬೇಗ ಆವಿಯಾಗುತ್ತ ಮೇಲ್ಮೈಯ ಶಾಖವನ್ನು ಕಸಿದುಕೊಳ್ಳುವುದರಿಂದ ಎರಡು ಡಿಗ್ರಿ ಇಳಿಯುವುದು ಕ್ಷಣದ ಕೆಲಸ. ಇನ್ನೂ ಹಸಿಯಾಗಿರುವ ವಾರ್ನಿಶ್‌ನೊಳಗೆ ಸೂಕ್ಷ್ಮ ನೀರಹನಿಗಳು ಸೇರಿ ಪದರ ಹಾಲುಬಿಳುಪಾಗುತ್ತದೆ. ಮಲೆನಾಡಿನ ಬಡಗಿಗಳು ಮಳೆ ಹಿಡಿದಾಗ ಪಾಲಿಶ್ ಕೆಲಸ ಒಪ್ಪಿಕೊಳ್ಳಲು ಹಿಂಜರಿಯುವುದೂ ಇದಕ್ಕಾಗಿಯೇ. ಅದೇ ಫೆಬ್ರವರಿಯ ಮಧ್ಯಾಹ್ನ ಅರಸೀಕೆರೆಯಲ್ಲಿ 30 ಡಿಗ್ರಿ ಉಷ್ಣತೆ, ಶೇಕಡಾ 40 ತೇವಾಂಶ ಇದೆಯೆಂದುಕೊಂಡರೆ ಇಬ್ಬನಿಯ ಬಿಂದು 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆ ಹದಿನೈದು ಡಿಗ್ರಿಯ ಅಂತರವನ್ನು ಸ್ಪ್ರೇ ಡಬ್ಬಿಯೊಂದು ದಾಟುವುದು ಕಷ್ಟ. ಒಂದೇ ಜಿಲ್ಲೆಯೊಳಗೆ ಇಷ್ಟೊಂದು ವ್ಯತ್ಯಾಸವಿರುವಾಗ, ಡಬ್ಬಿಯ ಮೇಲಿನ ಸೂಚನೆಗಿಂತ ಗೋಡೆಯ ಮೇಲೊಂದು ಅಗ್ಗದ ಆರ್ದ್ರತಾಮಾಪಕ ಹೆಚ್ಚು ಉಪಯುಕ್ತ. ಮಳೆಗಾಲದಲ್ಲೇ ಕೆಲಸ ಮುಗಿಸಬೇಕಾದವರು ನೀರಿನಲ್ಲಿ ಕಲಸುವ ಅಕ್ರಿಲಿಕ್ ವಾರ್ನಿಶ್ ಬಳಸಿ, ಒಣಗಲು ಹೆಚ್ಚು ಸಮಯ ಕೊಡುವುದು ಒಳ್ಳೆಯದು.

ನೀರಿನ ವಿಷಯದಲ್ಲಿ ಮಾತ್ರ ಮಲೆನಾಡಿನವರೇ ಪುಣ್ಯವಂತರು. ಕಡೂರು, ಅರಸೀಕೆರೆ ಕಡೆಯ ಕೊಳವೆಬಾವಿಯ ಗಡಸು ನೀರು ಒಣಗಿದಾಗ ಡೆಕಾಲ್ ಸುತ್ತ ಸುಣ್ಣದ ಉಂಗುರ ಬಿಡುತ್ತದೆ. ಸೂರಿನಿಂದ ಹಿಡಿದ ಮಳೆನೀರು, ಇಲ್ಲವೇ ಇನ್ವರ್ಟರ್ ಬ್ಯಾಟರಿಗೆಂದು ಮಾರುವ ಡಿಸ್ಟಿಲ್ಡ್ ವಾಟರ್ ಆದರೆ ಈ ಕಾಟವಿಲ್ಲ.

ಹಳೆಯ ಡೆಕಾಲ್‌ಗಳ ಜೀರ್ಣೋದ್ಧಾರ ಬೇರೆಯದೇ ಕೆಲಸ. ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಹಾಳೆಯ ಪಾರದರ್ಶಕ ಭಾಗ ಹಳದಿಯಾಗಿದ್ದರೆ, ಅದನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸುವ ರೂಢಿಯಿದೆ. ಇದನ್ನು ಮೂಢನಂಬಿಕೆ ಎಂದು ನಗುವವರುಂಟು, ಆದರೆ ಇದು ನಿಜಕ್ಕೂ ಕೆಲಸ ಮಾಡುತ್ತದೆ: ಹಳದಿಯಾಗಿ ಕಾಣುವ ಅಣುಗಳು ನೀಲಿ ಮತ್ತು ಅತಿನೇರಳೆ ಬೆಳಕನ್ನು ಹೀರಿಕೊಳ್ಳುವುದರಿಂದ, ಆ ಬೆಳಕಿನ ಶಕ್ತಿಯೇ ಅವುಗಳ ಬಂಧಗಳನ್ನು ಒಡೆಯುತ್ತದೆ. ಸಾಮಾನ್ಯ ಗಾಜು ತೀವ್ರವಾದ ಅತಿನೇರಳೆಯನ್ನು ತಡೆದು ಸೌಮ್ಯವಾದದ್ದನ್ನು ಒಳಬಿಡುತ್ತದೆ. ಕಣದಲ್ಲಿ ಕಾಫಿ ಒಣಗುವ ಡಿಸೆಂಬರ್, ಜನವರಿಯ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು, ಆದರೆ ಮುದ್ರಣದ ಕೆಂಪು ಮಾಸದಂತೆ ಆಗಾಗ ನೋಡುತ್ತಿರಬೇಕು.

ಪೊರೆಯೇ ಬಿರುಕುಬಿಟ್ಟಿದ್ದರೆ ಬಿಸಿಲಿನಿಂದ ಪ್ರಯೋಜನವಿಲ್ಲ. ಬೇಡದ ಒಂದು ಸಣ್ಣ ಗುರುತನ್ನು ಮೊದಲು ನೆನೆಸಿ ನೋಡಬೇಕು. ಅದು ಚೂರಾದರೆ ಉಳಿದ ಹಾಳೆಯ ಮೇಲೆ ಹೊಸದಾಗಿ ಪಾರದರ್ಶಕ ಲ್ಯಾಕರ್ ಹೊಡೆದು ಪೊರೆಯನ್ನು ಮತ್ತೆ ಕಟ್ಟಬೇಕು. ಆಗ ಇಡೀ ಹಾಳೆ ಒಂದೇ ಪೊರೆಯಾಗುವುದರಿಂದ ಪ್ರತಿ ಗುರುತನ್ನೂ ಅಂಚಿಗೆ ಒತ್ತಿ ಹೊಸ ಬ್ಲೇಡಿನಿಂದ ಕತ್ತರಿಸಿಕೊಳ್ಳಬೇಕಾಗುತ್ತದೆ.

ಏನನ್ನೂ ಮುಟ್ಟುವ ಮೊದಲು ಹಾಳೆಯನ್ನು ಸ್ಕ್ಯಾನ್ ಮಾಡಿಟ್ಟುಕೊಳ್ಳುವುದು ಜಾಣತನ. ಕೆಟ್ಟುಹೋದರೆ ಖಾಲಿ ಡೆಕಾಲ್ ಕಾಗದದ ಮೇಲೆ ಮನೆಯಲ್ಲೇ ಮುದ್ರಿಸಿಕೊಳ್ಳಬಹುದು, ಆದರೆ ನಮ್ಮ ವಾಯುಪಡೆಯ ವಿಮಾನಗಳ ಗುರುತಾದ ಬಣ್ಣದ ವೃತ್ತ ಇಲ್ಲಿ ತೊಡಕು ತರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿನ ಕೆಂಪು ಸೂರ್ಯನೆಂದು ಭ್ರಮಿಸಿ ಸ್ವಪಕ್ಷದವರೇ ಗುಂಡು ಹಾರಿಸಬಾರದೆಂದು ಈ ವಲಯದ ವಿಮಾನಗಳ ವೃತ್ತದಿಂದ ಕೆಂಪನ್ನು ತೆಗೆದು ಕಡುನೀಲಿ, ತಿಳಿನೀಲಿಗಳನ್ನಷ್ಟೇ ಉಳಿಸಿಕೊಂಡಿದ್ದರು. ಸ್ವಾತಂತ್ರ್ಯಾನಂತರ ಕೆಲಕಾಲ ಅಶೋಕಚಕ್ರವಿದ್ದು, ಬಳಿಕ ಕೇಸರಿ, ಬಿಳಿ, ಹಸಿರಿನ ಈಗಿನ ವೃತ್ತ ಬಂತು. ಯುದ್ಧಕಾಲದ ನೀಲಿ ವೃತ್ತದ ತಿಳಿನೀಲಿಗಾಗಲಿ ಈಗಿನದರ ಕೇಸರಿಗಾಗಲಿ ಅಡಿಯಲ್ಲಿ ಬಿಳಿ ಬೇಕೇಬೇಕು. ಮನೆಯ ಪ್ರಿಂಟರ್‌ನಲ್ಲಿ ಬಿಳಿ ಶಾಯಿಯೇ ಇರುವುದಿಲ್ಲ, ಅದು ಕಾಗದದ ಬಿಳುಪನ್ನೇ ಬಳಸಿಕೊಳ್ಳುತ್ತದೆ. ಪಾರದರ್ಶಕ ಪೊರೆಯ ಮೇಲೆ ಮುದ್ರಿಸಿ ಬೂದು ರೆಕ್ಕೆಗೆ ಹಚ್ಚಿದರೆ ಬಿಳಿಯ ಜಾಗದಲ್ಲಿ ಬೂದು ಕಾಣುತ್ತದೆ, ಕೇಸರಿ ಕಂದಾಗುತ್ತದೆ. ರೆಕ್ಕೆಯ ಮೇಲೆ ಮೊದಲು ಅದೇ ವ್ಯಾಸದ ಬಿಳಿ ವೃತ್ತವನ್ನು ಬಳಿದುಕೊಳ್ಳುವುದು, ಇಲ್ಲವೇ ಬಿಳಿ ಪೊರೆಯ ಕಾಗದದಲ್ಲಿ ಮುದ್ರಿಸಿ ಅಂಚಿಗೆ ಸರಿಯಾಗಿ ಕತ್ತರಿಸುವುದು, ಇವೆರಡೇ ದಾರಿ. ಮೊದಲನೆಯದು ನಿಧಾನವಾದರೂ ಅಂಚು ದಪ್ಪವಾಗಿ ಕಾಣುವುದಿಲ್ಲವಾದ್ದರಿಂದ ನನಗೆ ಅದೇ ಇಷ್ಟ.

ಇನ್ನು ಎಂದೋ ಮುಗಿಸಿ ಗಾಜಿನ ಬೀರುವಿನಲ್ಲಿಟ್ಟ ಮಾದರಿಯ ಮೇಲೆ ಬೆಳ್ಳಿ ಮಿರುಗು ಇದ್ದರೆ ಡೆಕಾಲನ್ನು ಕೀಳಬೇಕಾಗಿಲ್ಲ. ಮೇಲೆ ರಕ್ಷಣೆಯ ವಾರ್ನಿಶ್ ದಪ್ಪವಾಗಿ ಹೊಡೆದಿಲ್ಲದಿದ್ದರೆ, ಮಿರುಗುವ ಜಾಗದಲ್ಲಿ ಸೂಜಿಯ ತುದಿಯಿಂದ ಒತ್ತೊತ್ತಾಗಿ ಚುಚ್ಚಿ ಮೆದುಗೊಳಿಸುವ ದ್ರಾವಕವನ್ನು ಹನಿಸಬೇಕು. ದ್ರಾವಕ ರಂಧ್ರಗಳ ಮೂಲಕ ಅಡಿಗೆ ಹರಿದು ಗಾಳಿಯನ್ನು ಹೊರಗಟ್ಟುತ್ತದೆ, ಮೆತ್ತಗಾದ ಪೊರೆ ತಗ್ಗಿಗೆ ಇಳಿದು ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಒಂದು ಸಲಕ್ಕೆ ಪೂರ್ತಿ ಹೋಗದಿದ್ದರೆ ಚೆನ್ನಾಗಿ ಒಣಗಲು ಬಿಟ್ಟು ಮತ್ತೊಮ್ಮೆ ಹನಿಸಬೇಕು. ಹಸಿಯಿರುವಾಗಲೇ ಹತ್ತಿಕಡ್ಡಿಯಿಂದ ಒತ್ತಿದರೆ ಮುದ್ರಣ ಹತ್ತಿಯ ಜೊತೆಗೆ ಎದ್ದು ಬರುತ್ತದೆ.