ಮಗ್ಗುಲು ಬದಲಿಸುವುದಕ್ಕೂ ಬಿಲ್ಲಿಗೂ ಏನು ಸಂಬಂಧ?

ವಾರ್ಡಿನಲ್ಲಿ ಇನ್ಶೂರೆನ್ಸ್ ಮಾತು ಜೋರಾಗುವುದು ಡಿಸ್ಚಾರ್ಜ್ ದಿನ. ನರ್ಸ್ ಆದ ನನಗೆ ಮಾತ್ರ ಬಿಲ್ ಅಂದರೆ ಮೊದಲು ನೆನಪಾಗುವುದು ರೋಗಿಯ ಹಿಮ್ಮಡಿ.

ಏಳಲಾಗದೆ ಮಲಗಿದವರ ಹಿಮ್ಮಡಿ, ಸೊಂಟದ ಪಕ್ಕ, ಬೆನ್ನಿನ ತುದಿ, ಹೀಗೆ ಚರ್ಮಕ್ಕೆ ಮೂಳೆ ತಾಗಿದಂತಿರುವ ಕಡೆ ಮೈಭಾರವೆಲ್ಲ ಬೀಳುತ್ತದೆ. ಅಲ್ಲಿ ರಕ್ತ ಸರಿಯಾಗಿ ಓಡಾಡುವುದಿಲ್ಲ. ಚರ್ಮ ಕೆಂಪಾಗುತ್ತದೆ. ಆ ಕೆಂಪನ್ನು ಬೆರಳಿಂದ ಒತ್ತಿ ಬಿಡಿ. ಒಂದು ಕ್ಷಣ ಬಿಳಿಚಿ ಮತ್ತೆ ಕೆಂಪಾದರೆ ಇನ್ನೂ ಸಮಯವಿದೆ. ಬಿಳಿಚದೇ ಇದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದೇ ಲೆಕ್ಕ. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಕಾಣದೇ ಹೋಗಬಹುದು. ಆಗ ಮುಟ್ಟಿ ನೋಡಬೇಕು. ಸುತ್ತಲಿನ ಜಾಗಕ್ಕಿಂತ ಬಿಸಿಯಾಗಿ ಅಥವಾ ಗಟ್ಟಿಯಾಗಿ ಇದ್ದರೆ ಅನುಮಾನ ಪಡಿ.

ಮನೆಯವರು ಪ್ರೀತಿಯಿಂದ ಅದೇ ಜಾಗವನ್ನು ಎಣ್ಣೆ ಹಾಕಿ ತಿಕ್ಕುತ್ತಾರೆ. ಬೇಡ. ಒಳಗಿನ ಮಾಂಸಕ್ಕೆ ಇನ್ನೂ ಪೆಟ್ಟಾಗುತ್ತದೆ. ನಡುವೆ ತೂತಿರುವ ಗಾಳಿ ದಿಂಬೂ ಬೇಡ, ಅದರ ಅಂಚೇ ಒತ್ತುತ್ತದೆ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಪೂರ್ತಿ ಹೊರಳಿಸಬೇಕಿಲ್ಲ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ಇನ್ನೊಂದು ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಮೇಲಕ್ಕೆ ಸರಿಸುವಾಗ ಎಳೆಯಬೇಡಿ, ಇಬ್ಬರು ಬೆಡ್‌ಶೀಟ್ ಸಮೇತ ಎತ್ತಿ.

ಐದು ನಿಮಿಷದ ಕೆಲಸ. ಬಿಟ್ಟರೆ ವಾರಗಟ್ಟಲೆ ಡ್ರೆಸ್ಸಿಂಗ್, ಸೋಂಕಾದರೆ ಮತ್ತೆ ಅಡ್ಮಿಟ್. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 2008ರ ಅಕ್ಟೋಬರ್‌ನಲ್ಲಿ ಒಂದು ನಿಯಮ ತಂದಿತು. ಆಸ್ಪತ್ರೆ ಸೇರಿದ ಮೇಲೆ ಆಳವಾದ ಹಾಸಿಗೆ ಹುಣ್ಣಾದರೆ, ಅದಕ್ಕಾಗಿ ಆಸ್ಪತ್ರೆಗೆ ಹೆಚ್ಚುವರಿ ದುಡ್ಡು ಇಲ್ಲ! ಮನೆಯಲ್ಲಿ ಆದರೆ ಖರ್ಚು ಯಾರದ್ದು? ಮನೆಗೆ ನರ್ಸ್ ಕರೆಸುವ ಖರ್ಚನ್ನು ಎಷ್ಟೋ ಪಾಲಿಸಿಗಳು ಕೊಡುವುದಿಲ್ಲ. ನಿಮ್ಮದರಲ್ಲಿ ಏನಿದೆ ಅಂತ ಡಿಸ್ಚಾರ್ಜ್‌ಗೆ ಮೊದಲೇ ಕೇಳಿ.

ಕ್ಯಾತಿಟರ್, ಅಂದರೆ ಮೂತ್ರ ಹೋಗಲು ಹಾಕುವ ನಳಿಕೆಯ ವಿಷಯವೂ ಹೀಗೇ, ಸೋಂಕಾದರೆ ಬಿಲ್ ಏರುತ್ತದೆ. ಮೂತ್ರದ ಚೀಲ ಸದಾ ಸೊಂಟಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. "ಇದು ಇನ್ನೂ ಬೇಕಾ?" ಅಂತ ದಿನಾ ಕೇಳಿ. ನಮಗೆ ಬೇಜಾರಿಲ್ಲ.

ಇನ್ನು ಬಾಯಿಮಾತಿನಿಂದ ಆಗುವ ನಷ್ಟ. ಅಡ್ಮಿಟ್ ಆಗುವಾಗ "ಶುಗರ್ ಎಷ್ಟು ವರ್ಷದಿಂದ?" ಅಂತ ಕೇಳುತ್ತೇವೆ. ಗಾಬರಿಯಲ್ಲಿರುವ ಮಗ "ಒಂದು ಹತ್ತು ವರ್ಷ ಆಗಿರಬೇಕು" ಅಂದುಬಿಡುತ್ತಾನೆ. ಕೇಸ್ ಶೀಟಿನಲ್ಲಿ 10 ಅಂತಲೇ ಬೀಳುತ್ತದೆ. ನಿಜದಲ್ಲಿ ಮೂರು ವರ್ಷ, ಪಾಲಿಸಿ ಮಾಡಿಸಿ ನಾಲ್ಕು ವರ್ಷ. ಕ್ಲೇಮು ನೋಡುವವರ ಕಣ್ಣಿಗೆ ಇದು ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟ ಹಾಗೆ ಕಾಣುತ್ತದೆ. ಸುಮ್ನೆ ಆಡಿದ ಅಂದಾಜು, ಆಮೇಲೆ ಹಳೇ ಚೀಟಿ ಹುಡುಕುತ್ತಾ ತಿಂಗಳುಗಟ್ಟಲೆ ಅಲೆದಾಟ.

ಹಾಗಂತ ಕಾಯಿಲೆಯನ್ನೇ ಮುಚ್ಚಿಡಬೇಡಿ. ಅದನ್ನು ನೋಡಿಯೇ ಡಾಕ್ಟರು ಔಷಧಿ ಬರೆಯುವುದು, ಅಲ್ವಾ? ಶುಗರ್ ಇದೆ ಅಂತ ಮೊದಲು ಗೊತ್ತಾದ ದಿನದ ರಿಪೋರ್ಟನ್ನು ಪಾಲಿಸಿ ಜೊತೆಗೇ ಇಟ್ಟುಕೊಳ್ಳಿ. ನಾನಂತೂ ಈಗ ಪ್ರಶ್ನೆ ಕೇಳುವ ಮೊದಲೇ ಹೇಳಿಬಿಡುತ್ತೇನೆ: "ಸರಿಯಾಗಿ ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನಿ, ಹಾಗೇ ಬರೆದುಕೊಳ್ಳುತ್ತೇನೆ."