ಫೋನ್ ಮೆಟ್ರೋ ಹಳಿಗೆ ಬಿದ್ದರೆ ಇಳಿದು ತೆಗೆಯಬಹುದೇ?

ಪ್ರಶ್ನೆ: ನೂಕುನುಗ್ಗಲಿನಲ್ಲಿ ಫೋನ್ ಹಳಿಗೆ ಬಿದ್ದಿದೆ, ಮುಂದಿನ ರೈಲಿಗೆ ಐದು ನಿಮಿಷ ಬಾಕಿ ಎಂದು ಫಲಕ ತೋರಿಸುತ್ತಿದೆ. ಥಟ್ಟನೆ ಇಳಿದು ತೆಗೆದುಕೊಂಡರೆ ತಪ್ಪೇನು? ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ಮೇಲೆ ತಂತಿಯಿಲ್ಲ, ಇರುವುದು ಬ್ಯಾಟರಿಯಲ್ಲಿರುವಂಥ ಡಿಸಿ ಕರೆಂಟ್ ಮಾತ್ರವಲ್ಲವೇ?

ಉತ್ತರ: ಇಳಿಯಬೇಡಿ. ಸಿಬ್ಬಂದಿಗೆ ಹೇಳಿ, ಅವರು ತೆಗೆಸಿಕೊಡುತ್ತಾರೆ. ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾರೂ ಸುಮ್ಮನಾಗುವುದಿಲ್ಲ ಎಂಬುದು ಗೊತ್ತು. ‘ಡಿಸಿ ಮಾತ್ರ, ಅದೇನೂ ಮಾಡದು’ ಎಂಬ ಆ ನಂಬಿಕೆ ಅಷ್ಟು ಗಟ್ಟಿ.

ದೆಹಲಿ ಮೆಟ್ರೋ ತಲೆಯ ಮೇಲಿನ ತಂತಿಯಿಂದ ವಿದ್ಯುತ್ ಪಡೆಯುತ್ತದೆ. ಬೆಂಗಳೂರಿನಲ್ಲಿ ಅದು ಕೆಳಗಿದೆ: ಗಾಲಿಗಳು ಉರುಳುವ ಎರಡು ಹಳಿಗಳ ಪಕ್ಕದಲ್ಲಿ ಮೂರನೆಯದೊಂದು ಹಳಿ, ಅದರಲ್ಲಿ 750 ವೋಲ್ಟ್. ರೈಲಿನಿಂದ ಚಾಚಿಕೊಂಡ ಲೋಹದ ತುಂಡು ಅದರ ತಳಭಾಗಕ್ಕೆ ಒತ್ತಿಕೊಂಡು ಜಾರುತ್ತದೆ. ಮೇಲಿನ ಹೊದಿಕೆ ನೋಡಿ ‘ಮುಚ್ಚಿದ್ದಾರಲ್ಲ’ ಎನ್ನುವವರು, ಅಡಿಭಾಗ ತೆರೆದಿದೆ ಎಂಬುದನ್ನು ಗಮನಿಸುವುದಿಲ್ಲ.

ಈಗ ಡಿಸಿಯ ವಿಚಾರ. ಟಿವಿ ರಿಮೋಟಿನ ಸೆಲ್ಲನ್ನು ಮುಟ್ಟಿದ್ದೀರಿ, ಏನೂ ಆಗಲಿಲ್ಲ. ಕಾರಿನ ಬ್ಯಾಟರಿಯ ಎರಡೂ ತುದಿಗಳನ್ನು ಒಣಗೈಯಲ್ಲಿ ಹಿಡಿದವರಿಗೂ ಏನೂ ಆಗಿರಲಿಕ್ಕಿಲ್ಲ. ಹಾಗಾದದ್ದು ಅದು ಡಿಸಿ ಎಂದಲ್ಲ, ವೋಲ್ಟೇಜ್ ಕಡಿಮೆ ಎಂದು. ಸೆಲ್ಲಿನದು 1.5, ಕಾರಿನ ಬ್ಯಾಟರಿಯದು 12. ಒಣ ಚರ್ಮ ಅಷ್ಟನ್ನು ತಡೆಯುತ್ತದೆ. 750 ಎಂದರೆ ಕಾರಿನ ಬ್ಯಾಟರಿಯ ಅರವತ್ತು ಪಟ್ಟಿಗೂ ಹೆಚ್ಚು, ಮನೆಯ ಪ್ಲಗ್ಗಿನ ಮೂರು ಪಟ್ಟಿಗೂ ಹೆಚ್ಚು. ಅಲ್ಲಿ ಚರ್ಮ ಲೆಕ್ಕಕ್ಕಿಲ್ಲ. ರಬ್ಬರ್ ಚಪ್ಪಲಿ ಹಾಕಿದ್ದರೆ ಕರೆಂಟ್ ಹೊಡೆಯದು ಎಂಬ ವಾದವನ್ನೂ ಇಲ್ಲೇ ಮುಗಿಸುತ್ತೇನೆ: ಬಗ್ಗಿ ಫೋನ್ ಎತ್ತುವಾಗ ಒಂದು ಕೈ ಮೂರನೆಯ ಹಳಿಗೂ ಇನ್ನೊಂದು ಕೈಯೋ ಮಂಡಿಯೋ ಗಾಲಿಯ ಹಳಿಗೂ ತಾಗಿದ್ದರೆ, ಕರೆಂಟಿಗೆ ನಿಮ್ಮ ಚಪ್ಪಲಿಯ ಹಂಗಿಲ್ಲ.

2024ರ ಹೊಸ ವರ್ಷದ ದಿನ ಇಂದಿರಾನಗರ ನಿಲ್ದಾಣದಲ್ಲಿ ಮಹಿಳೆಯೊಬ್ಬರು ಫೋನಿಗಾಗಿ ಹಳಿಗೆ ಇಳಿದೇಬಿಟ್ಟರು. ವಿದ್ಯುತ್ ಕಡಿತಗೊಳಿಸಿದ್ದರಿಂದ ಪಾರಾದರು, ಆದರೆ ರೈಲುಗಳು ನಿಂತವು. ಸಂಜೆಯ ಹೊತ್ತಿನಲ್ಲಿ ರೈಲು ಹತ್ತು ನಿಮಿಷ ನಿಂತರೆ ಮೆಜೆಸ್ಟಿಕ್ಕಿನ ಮೆಟ್ಟಿಲುಗಳು ಏನಾಗುತ್ತವೆ ಎಂದು ಬಿಡಿಸಿ ಹೇಳಬೇಕಿಲ್ಲ.

ಅಂದಹಾಗೆ, ಇಷ್ಟು ಜನರಿದ್ದರೂ ಬೋಗಿಗಳನ್ನೇಕೆ ಹೆಚ್ಚಿಸುವುದಿಲ್ಲ? ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. 2011ರಲ್ಲಿ ಮೂರು ಬೋಗಿಗಳಿಂದ ಆರಂಭಿಸಿ 2018ರಿಂದ ಆರಕ್ಕೆ ಏರಿಸತೊಡಗಿದರು. ಪ್ಲಾಟ್‌ಫಾರ್ಮ್ ಕಟ್ಟಿದ್ದೇ ಆರಕ್ಕೆ. ಮುಂಬೈ ಲೋಕಲ್‌ಗೆ ಹದಿನೈದು ಬೋಗಿ ಜೋಡಿಸುವಾಗ ನೆಲದ ಮೇಲಿನ ಪ್ಲಾಟ್‌ಫಾರ್ಮ್‌ಗಳನ್ನು ಉದ್ದ ಮಾಡಿದರು. ಸುರಂಗದೊಳಗಿನ ನಿಲ್ದಾಣವನ್ನು ಹಾಗೆ ಎಳೆಯಲಾಗದು. ಉಳಿದ ದಾರಿ, ರೈಲುಗಳನ್ನು ಮೇಲಿಂದ ಮೇಲೆ ಓಡಿಸುವುದು. ಅದಕ್ಕೆ ಕೈಯಲ್ಲಿ ರೈಲುಗಳಿರಬೇಕು. ಬೆಂಗಳೂರಿನ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದಾಗ ಇದ್ದದ್ದು ಮೂರೇ ರೈಲು, ಹಾಗಾಗಿ 25 ನಿಮಿಷಕ್ಕೊಂದು.