ಸೊನ್ನೆ ಬೇರೆ, ಡೇಟಾ ಬಂದಿಲ್ಲ ಅನ್ನೋದು ಬೇರೆ

ಡಿಸ್ಟ್ರಿಬ್ಯೂಶನ್ ವ್ಯವಹಾರದ ಡೇಟಾ ಟೀಮ್‌ಗಳಿಗೆ ಡಾಕ್ಯುಮೆಂಟೇಶನ್ ಬರ್ಕೊಡೋದು ನನ್ನ ಕೆಲಸ. ಇತ್ತೀಚೆಗೆ ಬರೋದೆಲ್ಲ ಹೆಚ್ಚುಕಮ್ಮಿ ಒಂದೇ ಥರ, ಅಂಗಡಿಗಳ ಪರ್ಫಾರ್ಮೆನ್ಸ್ ನಂಬರ್ ತಂದುಕೊಡೋ ಟೂಲ್ ರೆಡಿ ಇರತ್ತೆ, ಅದನ್ನ ಎಐ ಏಜೆಂಟ್ (ತಾನೇ ಟೂಲ್ ಕರೆದು ಕೆಲಸ ಮಾಡೋ ಎಐ) ಕೈಗೆ ಕೊಡ್ಬೇಕು, 'ಸ್ವಲ್ಪ ಡಾಕ್ಸ್ ಬರೆದುಬಿಡಿ' ಅಂತಾರೆ. ತಾಪತ್ರಯ ಇರೋದೇ ಆ 'ಸ್ವಲ್ಪ'ದಲ್ಲಿ.

2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್‌ನವ್ರು ಎಂಸಿಪಿ, ಅಂದ್ರೆ ಎಐಗೆ ಹೊರಗಿನ ಟೂಲ್ ಜೋಡಿಸೋಕೆ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಅನ್ನೋ ಒಂದು ಸಾಮಾನ್ಯ ಪದ್ಧತಿ ಬಿಟ್ರಲ್ಲ, ಆಮೇಲೆ ಜೋಡಿಸೋ ಕೆಲಸ ಸುಲಭ ಆಯ್ತು. ಸರ್ವರ್ ತನ್ನ ಹತ್ರ ಇರೋ ಟೂಲ್‌ಗಳ ಪಟ್ಟಿ ಕೊಡತ್ತೆ, ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಡಿಸ್ಕ್ರಿಪ್ಶನ್, ಇನ್‌ಪುಟ್ ಹೇಗಿರ್ಬೇಕು ಅಂತ ಹೇಳೋ ಜೇಸನ್ ಸ್ಕೀಮಾ ಅನ್ನೋ ನಮೂನೆ. ಟೂಲ್ ಕರೆಯೋ ಮುಂಚೆ ಏಜೆಂಟ್ ಒಳಗಿರೋ ಎಐ ಮಾಡೆಲ್‌ಗೆ ಅದರ ಬಗ್ಗೆ ಗೊತ್ತಾಗೋದು ಬಹುತೇಕ ಇಷ್ಟರಿಂದಲೇ. ನಿಮ್ಮ ವಿಕಿಯಲ್ಲಿ ಬರೆದಿಟ್ಟಿರೋದು, ಹಳೇ ಉದ್ಯೋಗಿಗಳ ತಲೇಲಿರೋದು ಯಾವ್ದೂ ಅಲ್ಲಿಗೆ ತಾನಾಗೇ ತಲುಪಲ್ಲ. ಹೊಸದಾಗಿ ಸೇರಿದ ಹುಡುಗ ಆದ್ರೆ 'ಸಾರ್, ಇದು ಜಿಎಸ್‌ಟಿ ಸೇರಿ ಬಂದಿದ್ದಾ?' ಅಂತ ಪಕ್ಕದವ್ರನ್ನ ಕೇಳ್ತಾನೆ, ಏಜೆಂಟ್ ಎಷ್ಟೋ ಸಲ ಕೇಳೋದೇ ಇಲ್ಲ, ಒಂದು ಊಹೆ ಮಾಡ್ಕೊಂಡು ನೀಟಾಗಿ ಟೇಬಲ್ ಹಾಕಿ ಕೊಟ್ಬಿಡತ್ತೆ, ನೋಡೋರಿಗೆ ಅನುಮಾನವೂ ಬರಲ್ಲ.

ಒಂದು ಟೂಲ್‌ಗೆ ಇದ್ದ ಡಿಸ್ಕ್ರಿಪ್ಶನ್ ಇಷ್ಟೇ: 'ರಿಟೇಲರ್ ಸೇಲ್ಸ್ ಮತ್ತು ಇತರ ಮೆಟ್ರಿಕ್ಸ್ ಕೊಡುತ್ತದೆ.' ಯಾವ ಸೇಲ್ಸ್ ಮಾರಾಯ್ರೆ? ಕಂಪನಿ ಡಿಸ್ಟ್ರಿಬ್ಯೂಟರ್‌ಗೆ ಹಾಕಿದ್ದು ಪ್ರೈಮರಿ, ಡಿಸ್ಟ್ರಿಬ್ಯೂಟರ್ ಅಂಗಡಿಗೆ ಹಾಕಿದ್ದು ಸೆಕೆಂಡರಿ, ಅಂಗಡಿಯಿಂದ ಗಿರಾಕಿ ಕೈಗೆ ಹೋಗಿದ್ದು ಟರ್ಶಿಯರಿ. ತಿಂಗಳ ಕೊನೇಲಿ ಟಾರ್ಗೆಟ್ ಮುಟ್ಟಿಸೋಕೆ ಸರಕು ತಳ್ತಾರಲ್ಲ, ಆಗ ಪ್ರೈಮರಿ ಏರತ್ತೆ, ಗೋಡೌನ್ ತುಂಬತ್ತೆ, ಅಂಗಡಿಗೆ ಒಂದು ಕೇಸೂ ಹೋಗಿರಲ್ಲ. ಅದನ್ನ ಹೀಗೆ ತಿದ್ದಿದ್ವಿ: 'ಒಂದು ಅಂಗಡಿಯ ಸೆಕೆಂಡರಿ ಸೇಲ್ಸ್ ಮೊತ್ತ ಮತ್ತು ಬಿಲ್ ಸಂಖ್ಯೆ ಕೊಡುತ್ತದೆ. ಮೊತ್ತ ಪೂರ್ತಿ ರೂಪಾಯಿಯಲ್ಲಿ, ಲಕ್ಷದಲ್ಲಿ ಅಲ್ಲ. ಜಿಎಸ್‌ಟಿ ಬಿಟ್ಟು, ರಿಟರ್ನ್ ಕಳೆದು. ಗಿರಾಕಿಗೆ ಮಾರಿದ ಲೆಕ್ಕ ಇದರಲ್ಲಿಲ್ಲ. ಅಂಗಡಿಯ ಹೆಸರು ಮಾತ್ರ ಗೊತ್ತಿದ್ದರೆ ಮೊದಲು ರಿಟೇಲರ್ ಸರ್ಚ್ ಟೂಲ್ ಬಳಸಿ ಐಡಿ ಪಡೆಯಿರಿ.' ಕೊನೇ ಸಾಲು ಯಾಕೆ ಅಂದ್ರೆ, ಮಂಜುನಾಥ ಪ್ರಾವಿಜನ್ ಸ್ಟೋರ್ಸ್ ಅಂತ ಹುಡುಕಿ ನೋಡಿ, ಒಂದೇ ತಾಲೂಕಲ್ಲಿ ಎಷ್ಟು ಸಿಗತ್ತೆ ಅಂತ.

ಎಲ್ಲಕ್ಕಿಂತ ಹೆಚ್ಚು ಅನಾಹುತ ಮಾಡೋದು ಸೊನ್ನೆ. ಡಿಸ್ಟ್ರಿಬ್ಯೂಟರ್ ಕಡೆ ಬಿಲ್ಲಿಂಗ್ ಸಾಫ್ಟ್‌ವೇರ್ ಎರಡು ದಿನ ಸಿಂಕ್ ಆಗಿಲ್ಲ ಅಂದ್ಕೊಳ್ಳಿ. ಡೇಟಾ ಇಲ್ಲದ ಕಡೆ ಟೂಲ್ 0 ತುಂಬಿ ಕಳ್ಸಿದ್ರೆ ಏಜೆಂಟ್ 'ಈ ಅಂಗಡಿಯ ಮಾರಾಟ ಶೇ. 100 ಕುಸಿದಿದೆ, ತಕ್ಷಣ ಭೇಟಿ ಕೊಡಿ' ಅಂತ ಬರೆಯತ್ತೆ, ಸೇಲ್ಸ್ ಆಫೀಸರ್ ಆ ದಿನದ ಬೀಟ್ (ಅಂಗಡಿ ಸುತ್ತೋ ದಾರಿ) ಬಿಟ್ಟು ಗಾಡಿ ಓಡಿಸ್ಕೊಂಡು ಹೋದ್ರೆ ಅಲ್ಲಿ ಅಂಗಡಿ ತುಂಬಾ ಜನ. ಮಾರಾಟ ನಿಜವಾಗ್ಲೂ ಆಗಿಲ್ಲ ಅಂದ್ರೆ 0, ಡೇಟಾ ಬಂದಿಲ್ಲ ಅಂದ್ರೆ ನಲ್, ಅಂದ್ರೆ ಖಾಲಿ ಬೆಲೆ, ಜೊತೆಗೆ 'ಡೇಟಾ ಯಾವ ಸಮಯದವರೆಗಿನದು' ಅನ್ನೋ ಒಂದು ಫೀಲ್ಡ್. ನಲ್ ಬಂದ್ರೆ ಟ್ರೆಂಡ್ ಲೆಕ್ಕ ಹಾಕ್ಬೇಡ, ಬಳಕೆದಾರರಿಗೆ ಡೇಟಾ ಬಾಕಿ ಇದೆ ಅಂತ ಹೇಳು ಅನ್ನೋದನ್ನೂ ಡಿಸ್ಕ್ರಿಪ್ಶನ್‌ನಲ್ಲೇ ಬರೀಬೇಕು. ಡೆವಲಪರ್‌ಗಳಿಗೆ ಇದು ಅತಿಯಾಯ್ತು ಅನ್ಸತ್ತೆ, ಅನ್ನಿಸ್ಲಿ.

ತಾರೀಖಿನ ಕಥೆ ಗೊತ್ತಿರೋದೇ, 03/04/2025 ಅಂದ್ರೆ ನಮಗೆ ಏಪ್ರಿಲ್ 3, ಅಮೆರಿಕದವ್ರಿಗೆ ಮಾರ್ಚ್ 4, ಹಾಗಾಗಿ 2025-04-03 ಅನ್ನೋ ಐಎಸ್‌ಓ ರೂಪ ಒಂದನ್ನೇ ಒಪ್ಕೊಳ್ಳಿ. 'ಕಳೆದ ಕ್ವಾರ್ಟರ್' ಅನ್ನೋದು ಇನ್ನೂ ಕಷ್ಟ, ನಮ್ಮಲ್ಲಿ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್, ಅಮೆರಿಕದಲ್ಲಿ ಎಷ್ಟೋ ರಿಟೇಲರ್‌ಗಳು ಕ್ವಾರ್ಟರ್‌ನ ಮೂರು ತಿಂಗಳನ್ನೇ 4, 5, 4 ವಾರಗಳಾಗಿ ಲೆಕ್ಕ ಹಾಕ್ತಾರೆ. ಕ್ವಾರ್ಟರ್ ಅನ್ನೋ ಇನ್‌ಪುಟ್ಟೇ ಬೇಡ, ಶುರುವಿನ ದಿನ ಕೊನೇ ದಿನ ಎರಡೂ ತಗೊಳ್ಳಿ, ಕೊನೇ ದಿನ ಲೆಕ್ಕಕ್ಕೆ ಸೇರತ್ತಾ ಇಲ್ವಾ ಅಂತ ಬರೀರಿ.

ಎರರ್ ಮೆಸೇಜ್ ಕೂಡ ಡಾಕ್ಯುಮೆಂಟೇಶನ್ನೇ, ಇದನ್ನ ಒಪ್ಪಿಸೋಕೆ ಸಾಕಾಗಿ ಹೋಗತ್ತೆ. ಟೂಲ್ ಓಡುವಾಗ ಆದ ತಪ್ಪನ್ನ ರಿಸಲ್ಟ್ ಒಳಗೇ ಕಳಿಸೋ ವ್ಯವಸ್ಥೆ ಎಂಸಿಪಿಯಲ್ಲಿದೆ, ಮಾಡೆಲ್ ಅದನ್ನ ಓದಿ ಸರಿಮಾಡ್ಕೊಳ್ಲಿ ಅಂತ. ಅಲ್ಲಿ 'ಇನ್‌ವ್ಯಾಲಿಡ್ ಇನ್‌ಪುಟ್' ಅಂತಷ್ಟೇ ಇದ್ರೆ ಮಾಡೆಲ್ ಅದೇ ಇನ್‌ಪುಟ್‌ನ ಮತ್ತೆ ಮತ್ತೆ ಕಳಿಸ್ತಾ ಕೂರತ್ತೆ. 'ಒಂದು ಸಲಕ್ಕೆ 90 ದಿನ ಮಾತ್ರ, ನೀವು ಕೇಳಿದ್ದು 365, ಭಾಗ ಮಾಡಿ ಕೇಳಿ' ಅಂತ ಇದ್ರೆ ದಾರಿ ಸಿಗತ್ತೆ.

ಫಿಲ್ ರೇಟ್ ಕೂಡ ಈ ಟೂಲ್‌ನಲ್ಲಿ ಬರಬೇಕಿತ್ತು. ಆರ್ಡರ್ ಮಾಡಿದ ಪೀಸ್‌ಗಳಲ್ಲಿ ಎಷ್ಟು ತಲುಪಿತು ಅಂತ ಸಪ್ಲೈ ಚೈನ್‌ನವ್ರು ಲೆಕ್ಕ ಹಾಕ್ತಾರೆ, ಆರ್ಡರ್‌ಗಳಲ್ಲಿ ಎಷ್ಟು ಪೂರ್ತಿಯಾಗಿ ತಲುಪಿತು ಅಂತ ಸೇಲ್ಸ್‌ನವ್ರು, ಎರಡೂ ನಂಬರ್ ಬೇರೆ ಬೇರೆ ಬರತ್ತೆ, ಇಬ್ರೂ ತಮ್ಮದೇ ಸರಿ ಅಂತಾರೆ. ಅವ್ರು ಒಂದು ತೀರ್ಮಾನಕ್ಕೆ ಬರೋವರೆಗೂ ಆ ಫೀಲ್ಡ್ ತೆಗೆದಿಡಿ ಅಂತ ಹೇಳಿದ್ದೀನಿ, ಮೀಟಿಂಗ್ ಇನ್ನೂ ಮುಗಿದಿಲ್ಲ.